ಹಾಯದ ಎತ್ತು

ನನ್ನ ಗಂಡನನ್ನು ಸಣ್ಣವರಿದ್ದಾಗ ಎತ್ತು ಹಾಯ್ದಿತ್ತು ಎಂದು ಮದುವೆಯಾಗಿ ನಾಲ್ಕು ವರ್ಷಗಳವರೆಗೆ ನಾನು ನಂಬಿಕೊಂಡಿದ್ದೆ. ಅವರ ಎಡ ಎದೆಯ ಕೆಳಗೆ ಶುರುವಾಗಿ, ಬಗಲನ್ನು ಬಳಸಿ, ಬೆನ್ನಿನ ತನಕ ಬಾಗಿ ಹೋದ ಹಳೆಯ ಗಾಯದ ಗುರುತೊಂದಿತ್ತು. ನಾನು ತಿರ್ಲಾಪುರದ ಆ ಮನೆಗೆ ಸೊಸೆಯಾಗಿ ಹೋದ ಮೊದಲ ವಾರವೇ, ಹಿತ್ತಲಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಾಗ, ಅತ್ತೆ ಮೊರದಿಂದ ಮುಖ ಎತ್ತದೆ ಹೇಳಿದ್ದರು.

"ಅವನ ಮೈಮ್ಯಾಲಿಂದು ನೋಡಿ ಅಂಜಬ್ಯಾಡವಾ. ಸಣ್ಣಾಂವಿದ್ದಾಗ ಎತ್ತು ಹಾಯ್ದಿತ್ತು."

"ಯಾವ ಎತ್ರಿ ಅತ್ತಿ?"

"ಅದನ್ನ ಆವಾಗನ ಮಾರಿಬಿಟ್ವಿ."

ನಾನು ಮತ್ತೆ ಕೇಳಲಿಲ್ಲ. ಆದರೆ ಕೊಟ್ಟಿಗೆಗೆ ಹೋದಾಗಲೆಲ್ಲ ಸೆರಗು ಬಿಗಿದುಕೊಂಡು ಗೋಡೆಗೆ ಒತ್ತಿ ನಡೆಯುತ್ತಿದ್ದೆ. ಅಲ್ಲಿದ್ದ ಎರಡು ಎತ್ತುಗಳು ಯಾರಿಗೂ ಏನೂ ಮಾಡಿರಲಿಲ್ಲ. ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತ ನಿಂತಿರುತ್ತಿದ್ದವು. ಆದರೂ ಅವುಗಳ ಕೋಡು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು.

ನನ್ನ ತವರು ಗುಡಗೇರಿ. ಅಪ್ಪ ತೀರಿಕೊಂಡಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಅಣ್ಣ ನನಗಿಂತ ಸ್ವಲ್ಪ ದೊಡ್ಡವನು. ಅವ್ವ ಒಬ್ಬಳೇ ಹೊಲ ಮಾಡಿಸಿ ನಮ್ಮಿಬ್ಬರನ್ನು ಬೆಳೆಸಿದಳು. ಹಣೆಗೆ ವಿಭೂತಿ ಹಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಸಂತೆಗೆ ಹೊರಟಳೆಂದರೆ ದಲಾಲರು ಕೂತಲ್ಲಿಂದ ಎದ್ದು ಮಾತಾಡಿಸುತ್ತಿದ್ದರು. ಮೆಣಸಿನಕಾಯಿ ಮಾರುವಾಗ ಕೊಳ್ಳುವವರು ಮೇಲಿನದಷ್ಟೇ ನೋಡಿ ಸರಿ ಎಂದರೂ ಅವಳು ಬಿಡುತ್ತಿರಲಿಲ್ಲ. ಚೀಲವನ್ನು ಬೋರಲು ಹಾಕಿಸಿ, "ತಳದಾಗಿನ್ವೂ ನೋಡ್ರಿ. ಬೆಳ್ಳಗಾಗಿದ್ದು ಇದ್ರ ಈಗ ಹೇಳ್ರಿ, ನಾಳಿ ನನ್ನ ಬಾಗಲಿಗೆ ಬರಬ್ಯಾಡ್ರಿ" ಎನ್ನುತ್ತಿದ್ದಳು. ಓಣಿಯಲ್ಲಿ ಜಗಳ ಬಿದ್ದರೆ ಹೆಂಗಸರು ಅವಳನ್ನೇ ಕರೆಯುತ್ತಿದ್ದರು. ಅವಳ ಬಾಯಿಂದ ಬಂದದ್ದು ಖರೆ ಎಂದೇ ನಾವು ಬೆಳೆದೆವು. ಇದನ್ನು ಮೊದಲೇ ಹೇಳಿಬಿಡಬೇಕು. ಸುಳ್ಳು ಹೇಳುವ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದರೆ ನನಗೆ ಇಷ್ಟು ನೋವು ಆಗುತ್ತಿರಲಿಲ್ಲ.

ನನ್ನ ಮದುವೆ ಕೊಟ್ಟು ತರುವ ಸಂಬಂಧ. ಅಣ್ಣ ಯಾರದೋ ಮದುವೆಯಲ್ಲಿ ತಿರ್ಲಾಪುರದ ಒಬ್ಬ ಹುಡುಗಿಯನ್ನು ನೋಡಿ, ಮದುವೆಯಾದರೆ ಅವಳನ್ನೇ ಎಂದು ಕೂತುಬಿಟ್ಟಿದ್ದ. ಅವರ ಮನೆಯವರು, ನಮ್ಮ ಹುಡುಗಿಯನ್ನು ಕೊಡುತ್ತೇವೆ, ನಿಮ್ಮ ಹುಡುಗಿಯನ್ನು ನಮ್ಮ ಕಿರಿಯ ಮಗನಿಗೆ ಕೊಡಿ ಎಂದರು. ಆ ಮನೆಯಲ್ಲೂ ಹಿರಿಯರು ತೀರಿಹೋಗಿ ತಾಯಿಯೇ ಯಜಮಾನಿ. ಎರಡು ಮನೆಯ ಇಬ್ಬರು ಹೆಂಗಸರೇ ಕೂತು ಎಲ್ಲ ಮಾತಾಡಿದರು.

ಕನ್ಯೆ ನೋಡಲು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ತೆಳ್ಳಗೆ, ಎತ್ತರಕ್ಕೆ, ಬಿಳಿ ಅಂಗಿ ಹಾಕಿಕೊಂಡು ಇವರು ಬಂದಿದ್ದರು. ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆಂದು ಹೇಳಿದ್ದರು. ಹೊಲವನ್ನು ಇಬ್ಬರು ಅಣ್ಣಂದಿರು ನೋಡಿಕೊಳ್ಳುತ್ತಿದ್ದರು. ಹಿರಿಯರು ಕೇಳುವ ಅಡಿಗೆ, ಹೊಲಿಗೆ, ಹಾಡುಗಳೆಲ್ಲ ಮುಗಿದ ಮೇಲೆ ಅವರು ನನ್ನ ಕಡೆ ನೇರವಾಗಿ ನೋಡಿ ಒಂದೇ ಪ್ರಶ್ನೆ ಕೇಳಿದರು.

"ನಿಮಗ ಎಲ್ಲಾ ಹೇಳ್ಯಾರಲ್ರಿ?"

ಕೊಟ್ಟು ತರುವ ಮಾತು ಕೇಳುತ್ತಿದ್ದಾರೆಂದು ನಾನು ತಿಳಿದೆ. ನಾಳೆ ಅಣ್ಣನ ಸಂಸಾರದಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ನನ್ನ ಸಂಸಾರಕ್ಕೂ ತಟ್ಟುತ್ತದೆ ಎಂದು ಓಣಿಯವರೆಲ್ಲ ಹೇಳಿದ್ದರು. ತಲೆಯಾಡಿಸಿದೆ. ಪಕ್ಕದಲ್ಲಿ ಅವಲಕ್ಕಿಯ ತಟ್ಟೆ ಹಿಡಿದು ನಿಂತಿದ್ದ ಅವ್ವ, "ಎಲ್ಲಾ ಹೇಳೇವಿ ತಮ್ಮಾ" ಎಂದಳು. ಅವರ ಮುಖ ಒಮ್ಮೆಲೇ ಬೆಳಗಿತು. ಅಷ್ಟು ಸಂತೋಷ ಯಾಕೆಂದು ಅಂದು ನನಗೆ ಹೊಳೆಯಲಿಲ್ಲ. ನಾನು ಚಂದ ಕಂಡಿರಬೇಕು ಎಂದುಕೊಂಡೆ.

ನನ್ನ ಗಂಡ ಒಳ್ಳೆಯವರು. ಗಿರಣಿಯ ತಿರುಗುವ ಪಟ್ಟಿಯ ಪಕ್ಕದಲ್ಲಿ ಒಂದು ಮರದ ಮಣೆ ಹಾಕಿಕೊಂಡು, ಹುಬ್ಬು ರೆಪ್ಪೆಯೆಲ್ಲ ಬಿಳಿಯಾಗಿ ಕೂತಿರುತ್ತಿದ್ದರು. ಬೀಸಲು ತಂದವರು ತಮ್ಮ ಬುಟ್ಟಿಯನ್ನು ತಾವೇ ಎತ್ತಿ ಸುರಿಯುತ್ತಿದ್ದರು. ಅವರು ಭಾರ ಎತ್ತಿದ್ದನ್ನು ನಾನು ನೋಡಿಯೇ ಇರಲಿಲ್ಲ. ಮಾಲಕ ಎತ್ತಬಾರದೆಂಬ ಪದ್ಧತಿ ಇರಬೇಕು ಎಂದುಕೊಂಡಿದ್ದೆ. ಆಗಾಗ ನವಲಗುಂದಕ್ಕೆ ಹೋಗಿ ಸೂಜಿ ಮಾಡಿಸಿಕೊಂಡು ಬರುತ್ತಿದ್ದರು. ಅತ್ತೆಯನ್ನು ಕೇಳಿದರೆ, "ಹಿಟ್ಟಿನ ಧೂಳ ಕುಡದು ಕುಡದು ಕೆಮ್ಮವಾ" ಎಂದರು. ಕೆಮ್ಮು ಇದ್ದದ್ದು ನಿಜವೇ, ನಂಬಿದೆ.

ಅವರು ನನ್ನನ್ನು ನೋಡುತ್ತಿದ್ದ ರೀತಿಯನ್ನು ಹೇಗೆ ಹೇಳಲಿ. ಒಂದು ತಂಬಿಗೆ ನೀರು ತಂದುಕೊಟ್ಟರೂ ಏನೋ ದೊಡ್ಡದನ್ನು ಮಾಡಿದವಳ ಹಾಗೆ ನೋಡುತ್ತಿದ್ದರು. ನಾನು ತಪ್ಪು ಮಾಡಿದಾಗಲೂ ದನಿ ಏರಿಸುತ್ತಿರಲಿಲ್ಲ. ಒಂದು ಸಲ, ಮಗಳು ಹೊಟ್ಟೆಯಲ್ಲಿದ್ದಾಗ, "ನಿನ್ನಂಗ ಬ್ಯಾರೆ ಯಾರೂ ಒಪ್ತಿದ್ದಿಲ್ಲ ನೋಡು" ಎಂದರು. ಗಂಡಂದಿರು ಹೆಂಡತಿಯರಿಗೆ ಹೇಳುವ ಮಾತು ಅದು ಎಂದು ನಾನು ನಕ್ಕೆ. "ಗಾಯದ್ದು ಕೇಳಂಗಿಲ್ಲಲ್ಲ ನೀ ಎಂದೂ" ಎಂದರು. "ಗೊತ್ತೈತೆಲ್ರಿ, ಕೇಳೂದೇನು" ಎಂದೆ ನಾನು. ಆ ಹೊತ್ತಿಗೆ ಅವರು ಆಪರೇಷನ್ನಿನ ಮಾತಾಡುತ್ತಿದ್ದರು, ನಾನು ಎತ್ತಿನ ಮಾತಾಡುತ್ತಿದ್ದೆ. ಒಂದೇ ಕೋಣೆಯಲ್ಲಿ ಕೂತು ಇಬ್ಬರೂ ಬೇರೆ ಬೇರೆ ಮಾತಾಡಿ, ಒಬ್ಬರನ್ನೊಬ್ಬರು ತಿಳಿದಿದ್ದೇವೆಂದು ಸಮಾಧಾನಪಟ್ಟೆವು.

ಮಗಳಿಗೆ ಎರಡು ತುಂಬಿದ ವರ್ಷ ಅವರಿಗೆ ದಣಿವು ಹೆಚ್ಚಾಯಿತು. ಗಿರಣಿಯಿಂದ ಮನೆಗೆ ಬರುವಷ್ಟರಲ್ಲಿ ದಾರಿಯಲ್ಲಿ ಎರಡು ಕಡೆ ಕಟ್ಟೆಯ ಮೇಲೆ ಕೂತು ಬರುತ್ತಿದ್ದರು. ಅಂಗಾತ ಮಲಗಲು ಆಗದೆ ಗೋಡೆಗೆ ದಿಂಬು ಇಟ್ಟುಕೊಂಡು ಒರಗುತ್ತಿದ್ದರು. ಒಂದು ಮಧ್ಯಾಹ್ನ ಗೋದಿ ಚೀಲವೊಂದು ಬಾಗಿಲಿಗೆ ಅಡ್ಡ ಬಿದ್ದಿತ್ತು, ಒಳಗೆ ಹೋಗಲು ದಾರಿಯಿರಲಿಲ್ಲ. "ಒಂದೀಟು ಕೈ ಹಚ್ರಿ, ಬಾಜೂಕ ಸರಸೂಣು" ಎಂದೆ. ಅವರು ನನ್ನನ್ನೇ ಒಂದು ಕ್ಷಣ ನೋಡಿದರು. ಆಮೇಲೆ ಬಗ್ಗಿ ಚೀಲದ ಕಿವಿ ಹಿಡಿದರು. ಸರಿಸಿದರು ಕೂಡ. ಸರಿಸಿ, ಹಾಗೇ ಗೋಡೆಗೆ ಜಾರಿ ಕೂತರು. ತುಟಿ ನೇರಳೆ ಹಣ್ಣು ತಿಂದವರಂತಾಗಿತ್ತು. ಕೆಮ್ಮಿದಾಗ ಟವೆಲ್ಲಿನ ಮೇಲೆ ಕೆಂಪು ಬಿತ್ತು.

ಮರುದಿನ ಹುಬ್ಬಳ್ಳಿಗೆ ಹೋದೆವು. ಹೃದಯದ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋಗಬೇಕೆಂದು ಅವರೇ ದಾರಿ ಹೇಳಿದರು. ಹೃದಯಕ್ಕೂ ಹಿಟ್ಟಿನ ಕೆಮ್ಮಿಗೂ ಏನು ಸಂಬಂಧ ಎಂದು ನಾನು ಬಸ್ಸಿನ ತುಂಬ ಯೋಚಿಸುತ್ತ ಕೂತಿದ್ದೆ.

ಡಾಕ್ಟರು ಅಂಗಿ ಬಿಚ್ಚಿಸಿ, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ಗಾಯದ ಮೇಲೆ ಬೆರಳಾಡಿಸಿ ಕೇಳಿದರು.

"ಮೊದಲಿನ ಆಪರೇಷನ್ ಎಲ್ಲಿ ಆಗಿತ್ರಿ?"

"ಮುಂಬಯಿಯೊಳಗ್ರಿ," ಎಂದರು ನನ್ನ ಗಂಡ. "ಹದಿನಾರು ವರ್ಷದಾಂವ ಇದ್ದೆ."

ನಾನು ನಡುವೆ ಬಾಯಿ ಹಾಕಿದೆ. "ಅದು ಎತ್ತು ಹಾಯ್ದದ್ದಲ್ಲೇನ್ರಿ?"

ಡಾಕ್ಟರು ಕಿವಿಯ ಕೊಳವೆ ತೆಗೆದರು. "ಯಾವ ಎತ್ತವ್ವಾ?"

ನಾನು ಗಂಡನ ಕಡೆ ನೋಡಿದೆ. ಅವರು ನನ್ನ ಕಡೆ ನೋಡುತ್ತಿದ್ದರು. ನಾನು ಚೇಷ್ಟೆ ಮಾಡುತ್ತಿದ್ದೇನೆಂದು ಮೊದಲು ತಿಳಿದರು, ತುಟಿಯ ಮೇಲೆ ಸಣ್ಣ ನಗು ಬಂದಿತ್ತು. ನನ್ನ ಮುಖ ನೋಡುತ್ತ ನೋಡುತ್ತ ಆ ನಗು ಹೋಯಿತು.

ಡಾಕ್ಟರು ತಿಳಿಯುವ ಹಾಗೆ ಹೇಳಿದರು. ಸಣ್ಣವರಿದ್ದಾಗ ಕೀಲು ಬಾತು ಜ್ವರ ಬಂದು ಹೃದಯದ ಒಳಗಿನ ಒಂದು ಕವಾಟ ಅಂಟಿಕೊಂಡಿತ್ತು. ಆಗ ಬಗಲಿನಿಂದ ಕೊಯ್ದು ಬೆರಳು ಹಾಕಿ ಬಿಡಿಸಿದ್ದರು. "ಬಾಗಲಾ ಇದ್ದಂಗ್ರಿ ಅದು. ಈಗ ಗಟ್ಟಿ ಆಗಿ ಕಲ್ಲಾಗೇತಿ. ಇನ್ನ ಬಿಡಿಸಾಕ ಬರೂದಿಲ್ಲ. ಮುಂಬಯಿಗೆ ಹೋಗಿ ತಗಸಿ ಹೊಸಾದು ಹಾಕಸಬೇಕು. ಮುಂದೊಂದ್ ದಿವಸ ಇದು ಬೇಕಾಗತೈತಿ ಅಂತ ಆವಾಗನ ನಿಮಗ ಹೇಳಿರಬೇಕಲ್ಲ?"

"ಹೇಳ್ಯಾರ್ರಿ," ಎಂದರು ನನ್ನ ಗಂಡ.

ಬಸ್ ನಿಲ್ದಾಣದಲ್ಲಿ ನವಲಗುಂದದ ಬಸ್ಸಿಗೆ ಕಾಯುತ್ತ ಕಲ್ಲಿನ ಬೆಂಚಿನ ಮೇಲೆ ಕೂತೆವು. ಅವರು ಚಹಾ ತರಿಸಿದರು. ಇಬ್ಬರೂ ಕುಡಿಯಲಿಲ್ಲ.

"ನಿನಗ ಖರೇನ ಗೊತ್ತಿದ್ದಿಲ್ಲ?"

"ಇಲ್ರಿ."

"ನಾ ನಿಮ್ಮ ಮನ್ಯಾಗ, ಎಲ್ಲಾರ ಮುಂದ ಕೇಳಿದ್ನಲ್ಲ."

"ಕೇಳಿದ್ರಿ. ನಾ ಕೊಟ್ಟು ತರೂ ಮಾತು ಅಂತ ತಿಳದಿದ್ದೆ."

ಅವರು ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿ ಹೇಳಿದರು. "ನಮ್ಮವ್ವ ನನಗ ಏನ್ ಹೇಳಿದ್ಲು ಗೊತ್ತೈತೇನು? ಹುಡುಗಿ ಎಲ್ಲಾ ಕೇಳಿಕೊಂಡು, ಎರಡ ದಿವಸ ವಿಚಾರ ಮಾಡಿ, ಆಮ್ಯಾಲೆ ಹೂಂ ಅಂದಾಳ ಅಂತ."

ಆ ಎರಡು ದಿವಸದ ಮಾತು ನನ್ನನ್ನು ಮಿಕ್ಕ ಎಲ್ಲದಕ್ಕಿಂತ ಹೆಚ್ಚು ಇರಿಯಿತು. ನಾನು ಎಂದೂ ಬದುಕದ ಎರಡು ದಿನಗಳನ್ನು ಯಾರೋ ನನ್ನ ಹೆಸರಿನಲ್ಲಿ ಕಟ್ಟಿ ಇವರಿಗೆ ಕೊಟ್ಟಿದ್ದರು. ಇವರು ಅದನ್ನು ನಾಲ್ಕು ವರ್ಷ ಎದೆಯಲ್ಲಿಟ್ಟುಕೊಂಡು ತಿರುಗಿದ್ದರು.

"ಮತ್ತ ನಿನ್ನೆ ಚೀಲಕ್ಕ ಕೈ ಹಚ್ರಿ ಅಂದಿ," ಎಂದರು. "ಗೊತ್ತಿದ್ದಾಕಿ ಯಾಕ ಹಿಂಗಂದ್ಲು ಅಂತ ಒಂದ್ ಕ್ಷಣ ಬ್ಯಾಸರಾತು."

ಬಸ್ಸು ಬಂತು. ಹತ್ತಿ ಊರಿಗೆ ಬಂದೆವು.

ಅತ್ತೆ ಒಲೆಯ ಮುಂದೆ ಇದ್ದರು. ನಾನು ನಿಂತುಕೊಂಡೇ ಕೇಳಿದೆ. ಅವರು ರೊಟ್ಟಿಯ ಹಂಚು ಇಳಿಸಿ, ಕೈ ಒರೆಸಿಕೊಂಡು, ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ನಿಮ್ಮವ್ವಗ ನಾ ಒಂದೂ ಮುಚ್ಚಿಟ್ಟಿಲ್ಲವಾ. ಗುಡಗೇರಿ ಟೇಶನ್ನ್ಯಾಗ, ಗಾಡಿ ಬರೂತನಕಾ ಇಬ್ಬರ ಕುಂತು ಎಲ್ಲಾ ಹೇಳೇನಿ. ಮುಂದ ಇನ್ನೊಂದು ಆಪರೇಷನ್ ಆಗಬೇಕು ಅಂತನೂ ಹೇಳೇನಿ. ಆಕಿ ಅಂದ್ಲು, ಹುಡುಗಿಗೆ ನಾ ನಿಧಾನಕ ಹೇಳ್ತೀನಿ, ಅಲ್ಲೀತನಕಾ ಎತ್ತು ಹಾಯ್ದಿತ್ತು ಅನ್ರಿ ಅಂತ."

"ಎತ್ತಿನ ಮಾತು ನಮ್ಮವ್ವಂದು?"

"ಆಕೀದ."

"ಮತ್ತ ನಿಮ್ಮ ಮಗಗ, ಆಕಿ ವಿಚಾರ ಮಾಡಿ ಒಪ್ಯಾಳ ಅಂತ ಹೇಳಿದ್ದು?"

ಅತ್ತೆ ತಲೆ ತಗ್ಗಿಸಿದರು. "ಅದು ನಂದು. ಅಂವ ಹುಡುಗಿಗೆ ಹೇಳದ ಮದಿವಿ ಆಗೂದಿಲ್ಲ ಅಂತ ಕುಂತಿದ್ದ. ಏನ್ ಮಾಡ್ಲಿ?"

ಅತ್ತೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ ಎಂದಲ್ಲ. ಬಂತು. ಆದರೆ ಅದು ಬೇರೆಯವರ ಮೇಲೆ ಬರುವ ಸಿಟ್ಟು. ಅವರು ತಮ್ಮ ಮಗನಿಗಾಗಿ ಸುಳ್ಳು ಹೇಳಿದ್ದರು. ನನ್ನ ತಾಯಿ ಯಾರಿಗಾಗಿ ಹೇಳಿದಳು?

ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಗುಡಗೇರಿಗೆ ಹೋದೆ. ಅವ್ವ ಅಂಗಳದಲ್ಲಿ ಮೆಣಸಿನಕಾಯಿ ಹರವಿ ಕೂತಿದ್ದಳು. ಮೊಮ್ಮಗಳನ್ನು ನೋಡಿ ಎರಡೂ ಕೈ ಚಾಚಿದಳು. ನಾನು ಕೊಡಲಿಲ್ಲ.

"ಅವರ ಎದಿ ಆಪರೇಷನ್ ಆಗಿದ್ದು ನಿನಗ ಗೊತ್ತಿತ್ತೇನಬೇ?"

ಅವಳು ಗಾಬರಿಯಾಗಲಿಲ್ಲ. ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಕಾಯಿಯ ತೊಟ್ಟು ಮುರಿಯುತ್ತ ಹೇಳಿದಳು. "ಗೊತ್ತಿತ್ತು."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಒಲ್ಲೆ ಅಂತಿದ್ದಿ. ನೀ ಒಲ್ಲೆ ಅಂದ್ರ ಅವರು ಹುಡುಗೀನ ಕೊಡ್ತಿದ್ದಿಲ್ಲ. ನಿಮ್ಮಣ್ಣ ಆಕಿನ್ನ ಬಿಟ್ಟು ಒಲ್ಲೆ ಅಂತ ಉಣ್ಣೂದು ಬಿಟ್ಟು ಕುಂತಿದ್ದ. ನಾ ಯಾರನ್ನ ನೋಡ್ಲಿ?"

"ಅವನ್ನ ನೋಡಿದಿ."

"ಇಬ್ಬರನೂ ನೋಡೀನಿ. ಹುಡುಗ ಚಲೋ ಇದ್ದ, ಮನಿ ಚಲೋ ಇತ್ತು. ಆಪರೇಷನ್ ಆಗಿದ್ದು ಆಗಿಹೋಗಿತ್ತು. ಊರಾಗ ಎಷ್ಟ್ ಮಂದಿ ಏನೂ ರೋಗ ಇಲ್ಲದ ಸಾಯ್ತಾರ. ನಿಮ್ಮಪ್ಪಗ ಏನಾಗಿತ್ತು?"

"ಮೆಣಸಿನಕಾಯಿ ಚೀಲಾ ತಳದತನಕಾ ತೋರಿಸಿ ಮಾರ್ತಿ ಬೇ ನೀ, ಗುರುತಿಲ್ಲದವರಿಗೆ. ನನಗ ತೋರಿಸಲಿಲ್ಲ."

ಆಗ ಮಾತ್ರ ಅವಳ ಕೈ ನಿಂತಿತು. ಒಳಗಿನಿಂದ ಅತ್ತಿಗೆ, ಎಂದರೆ ನನ್ನ ಗಂಡನ ತಂಗಿ, ಬಾಗಿಲಿಗೆ ಬಂದು ನಿಂತಿದ್ದಳು. "ವೈನಿ, ನಿಮಗ ಎಲ್ಲಾ ಗೊತ್ತೈತಿ ಅಂತನ ನನಗೂ ಹೇಳಿದ್ರು" ಎಂದು ಅಳತೊಡಗಿದಳು. ಅಣ್ಣ ಹೊಲದಿಂದ ಬಂದ. ಕೇಳಿದೆ. ಅವನು ಚಪ್ಪಲಿ ಬಿಡುತ್ತ ನೆಲ ನೋಡಿಕೊಂಡು, "ಅವ್ವ ಹೇಳ್ತೀನಿ ಅಂದಿದ್ಲು. ಹೇಳ್ಯಾಳ ಅಂತ ತಿಳದೆ" ಎಂದ. ಅವ್ವ ಹೇಳಿಲ್ಲವೆಂಬುದು ಅವನಿಗೆ ತಿಳಿದಿತ್ತೆಂದು ಅವನ ಕಿವಿ ಕೆಂಪಾದದ್ದೇ ಹೇಳಿತು. ಸಣ್ಣವನಿದ್ದಾಗಲೂ ಸುಳ್ಳು ಹೇಳಿದರೆ ಹಾಗೆಯೇ.

ಹೊರಟಾಗ ಅವನು ಬಸ್ಸಿನ ತನಕ ಬಂದ. "ಆಪರೇಷನ್ನಿಗೆ ರಕ್ತಾ ಬೇಕಾಗತೈತಂತ. ನಾ ಬರ್ತೀನಿ ಮುಂಬಯಿಗೆ. ಅಷ್ಟಾದ್ರೂ ಮಾಡ್ತೀನಿ, ಸಿಟ್ಟಾಗಬ್ಯಾಡ" ಎಂದ. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅವನ ಮೇಲೆ ಪೂರ್ತಿ ಸಿಟ್ಟಾಗುವುದು ನನಗೆ ಬೇಕಿರಲಿಲ್ಲ.

ಖರ್ಚಿನ ಗೋಜನ್ನು ಗಂಡನ ಅಣ್ಣಂದಿರು ನೋಡಿಕೊಂಡರು. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ನಾವಿಬ್ಬರೂ ಮೊದಲು ಮುಂಬಯಿಗೆ ಹೋದೆವು. ದೊಡ್ಡ ಆಸ್ಪತ್ರೆ, ಉದ್ದುದ್ದ ಪಡಸಾಲೆ, ಮರಾಠಿ ಹಿಂದೂಸ್ತಾನಿಯ ಗದ್ದಲ. ನನಗೆ ಸಂತೆಯಲ್ಲಿ ಕಲಿತಷ್ಟು ಮಾತು ಬರುತ್ತಿತ್ತು, ಅದರಲ್ಲೇ ನಿಭಾಯಿಸಿದೆ. ಆಪರೇಷನ್ ಮಾಡುವ ಡಾಕ್ಟರು ಹಾಕಲಿರುವ ಕವಾಟದಂಥದ್ದೇ ಒಂದನ್ನು ಅಂಗೈಯಲ್ಲಿಟ್ಟು ತೋರಿಸಿದರು. ಬಟ್ಟೆ ಸುತ್ತಿದ ಒಂದು ಬಳೆ, ನಡುವೆ ಕರಿಯ ಬಿಲ್ಲೆ. ಬೆರಳು ತಾಗಿಸಿದರೆ ಬಿಲ್ಲೆ ಓರೆಯಾಗಿ ತೆರೆಯುತ್ತಿತ್ತು, ಬಿಟ್ಟರೆ ಮುಚ್ಚುತ್ತಿತ್ತು. ಎದೆಯ ನಡುವಿನ ಎಲುಬು ಸೀಳಿ, ಹೃದಯವನ್ನು ನಿಲ್ಲಿಸಿ, ಅಷ್ಟು ಹೊತ್ತು ಅದರ ಕೆಲಸವನ್ನು ಒಂದು ಯಂತ್ರಕ್ಕೆ ಒಪ್ಪಿಸಿ ಇದನ್ನು ಹೊಲಿಯುತ್ತೇವೆ ಎಂದರು. ಆಮೇಲೆ ಬದುಕಿರುವವರೆಗೂ ರಕ್ತ ತೆಳ್ಳಗಿಡುವ ಗುಳಿಗೆ ನುಂಗಬೇಕು, ಮೇಲಿಂದ ಮೇಲೆ ರಕ್ತ ಪರೀಕ್ಷೆ ಮಾಡಿಸಬೇಕು, ಮೈಗೆ ಗಾಯ ಮಾಡಿಕೊಳ್ಳಬಾರದು. ಏನು ಕೆಡಬಹುದು ಎಂಬುದನ್ನೂ ಬಿಡದೆ ಹೇಳಿದರು. ಎಲ್ಲ ಹೇಳಿ, "ಸಮಝೀ, ಬಾಯಿ?" ಎಂದು ನನ್ನನ್ನು ಕೇಳಿದರು.

ನಾನು ತಲೆಯಾಡಿಸಿದೆ. ಈ ಗಂಡಸು ನನಗೆ ಯಾರೂ ಅಲ್ಲ. ನನ್ನ ಭಾಷೆಯೂ ಅವರಿಗೆ ಬರುವುದಿಲ್ಲ. ಆದರೂ ಎದುರಿಗೆ ಕೂರಿಸಿಕೊಂಡು, ಕೈಯಲ್ಲಿ ಹಿಡಿದು ತೋರಿಸಿ, ಸಾಯಬಹುದು ಎನ್ನುವುದನ್ನೂ ಹೇಳಿ, ನಿನಗೆ ತಿಳಿಯಿತೇ ಎಂದು ಕೇಳುತ್ತಿದ್ದರು. ನನ್ನ ಮನೆಯಲ್ಲಿ ಇಷ್ಟನ್ನು ಯಾರೂ ಮಾಡಲಿಲ್ಲ.

ಆಪರೇಷನ್ನಿಗೆ ಹೊಸ ರಕ್ತ ಬಹಳ ಬೇಕಿತ್ತು. ಹಿರಿಯ ಭಾವ ಊರಿನ ಕೆಲವರನ್ನು ಕರೆದುಕೊಂಡು ಬಂದರು. ಗಿರಣಿಯ ಎದುರು ಮನೆಯ ಸಾಬರ ಮಗನೂ ಅವರಲ್ಲಿದ್ದ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಅಣ್ಣ ಇರಲಿಲ್ಲ.

"ನಮ್ಮಣ್ಣ ಹಿಂದ ಬರಾಕತ್ಯಾನೇನ್ರಿ ಭಾವಾ?"

ಭಾವ ಬೇರೆ ಕಡೆ ನೋಡಿದರು. "ಇಲ್ಲವಾ. ನಿಮ್ಮವ್ವ ಬ್ಯಾಡಂದ್ಲಂತ. ಒಬ್ಬನ ಮಗ, ರಕ್ತಾ ಕೊಟ್ಟು ಕೈಕಾಲಾಗಿನ ಕಸುವು ಹೋದ್ರ ಏನ್ ಮಾಡೂದು ಅಂದ್ಲಂತ."

ಮೊದಲ ಸಲ ನನ್ನನ್ನು ಅಣ್ಣನಿಗೋಸ್ಕರ ಕೊಟ್ಟಾಗ, ಅವಳಿಗೆ ಬೇರೆ ದಾರಿ ಕಾಣಲಿಲ್ಲವೇನೋ ಎಂದು ನಾನು ಒಳಗೊಳಗೇ ನೆಪ ಹುಡುಕುತ್ತಿದ್ದೆ. ಆ ದಿನ ಆ ಹುಡುಕಾಟ ನಿಂತಿತು. ಸಾಬರ ಹುಡುಗ ತೋಳು ಮಡಚಿಕೊಂಡು ಹೊರಗೆ ಬಂದು, "ಆತ್ರಿ ಅಕ್ಕಾರ, ಏನೂ ಆಗೂದಿಲ್ಲ, ಇರುವಿ ಕಡದಂಗ ಆಗತೈತಿ ಅಷ್ಟ" ಎಂದು ನಕ್ಕ.

ಆಪರೇಷನ್ನಿನ ದಿನ ಬೆಳಗಿನಲ್ಲಿ ಒಳಗೆ ಕರೆದುಕೊಂಡು ಹೋದ ನನ್ನ ಗಂಡನನ್ನು ಸಂಜೆಯ ಮುಂದೆ ಹೊರಗೆ ತಂದರು. ಆ ಹಗಲೆಲ್ಲ ನಾನು ದೇವರನ್ನು ನೆನೆದೆ ಎಂದರೆ ಪೂರ್ತಿ ನಿಜವಲ್ಲ. ನೆನೆಯುತ್ತ ನೆನೆಯುತ್ತ ನಡುವೆ ಅವ್ವನ ಮುಖ ಬರುತ್ತಿತ್ತು, ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ಇವರು ಸತ್ತರೆ ನಾನು ವಿಧವೆಯಾಗುತ್ತೇನೆ ಎಂಬುದು ನಾಲ್ಕು ವರ್ಷದ ಹಿಂದೆಯೇ ಅವಳ ಲೆಕ್ಕದಲ್ಲಿತ್ತು, ಅವಳು ಅದನ್ನು ಒಪ್ಪಿಕೊಂಡೇ ನನ್ನನ್ನು ಕೊಟ್ಟಿದ್ದಳು ಎಂಬ ಯೋಚನೆ ಬಂದಾಗ ಕೂತಲ್ಲಿಂದ ಎದ್ದು ಪಡಸಾಲೆಯಲ್ಲಿ ತಿರುಗಾಡಿದೆ. ಭಾವ ಚಹಾ ತಂದರು. ನಾನು ಹೆದರಿ ತಿರುಗಾಡುತ್ತಿದ್ದೇನೆಂದು ಅವರು ತಿಳಿದರು.

ನನ್ನ ಗಂಡ ಬದುಕಿದರು. ಎದೆಯ ನಡುವೆ ಹೊಸ ಹೊಲಿಗೆ, ಮೂಗಲ್ಲಿ ನಳಿಗೆ, ಮೇಣದಂಥ ಮುಖ. ಕೆಲವು ದಿನ ಕಳೆದು ಸಾದಾ ವಾರ್ಡಿಗೆ ತಂದರು. ಒಂದು ಮಧ್ಯಾಹ್ನ ಅಕ್ಕಪಕ್ಕದ ಮಂಚದವರೆಲ್ಲ ನಿದ್ದೆಹೋಗಿದ್ದರು. ಕಿತ್ತಳೆ ಸುಲಿಯುತ್ತ ಕೂತಿದ್ದ ನನಗೆ ಸಣ್ಣದೊಂದು ಸಪ್ಪಳ ಕೇಳಿಸಿತು. ಉಗುರಿನಿಂದ ಹಿತ್ತಾಳೆ ಬಟ್ಟಲು ಬಡಿದ ಹಾಗೆ, ಟಿಕ್, ಟಿಕ್. ಕೈಗಡಿಯಾರ ಎಂದು ಅವರ ಮಣಿಕಟ್ಟು ನೋಡಿದೆ. ಇರಲಿಲ್ಲ. ಅವರು ಹೊದಿಕೆಯನ್ನು ಮೆಲ್ಲಗೆ ಗಂಟಲಿನ ತನಕ ಎಳೆದುಕೊಂಡರು.

"ನಿನಗೂ ಕೇಳಸ್ತೇನು?"

"ಕೇಳಸ್ತರಿ."

"ಜೀವ ಇರೂತನಕಾ ಇರತೈತಂತ ಇದು. ನಿನಗ ತ್ರಾಸ ಆಗತೈತಿ."

"ಆಗಲಿ. ಹೊದಿಕಿ ತಗೀರಿ, ಸೆಕಿ ಐತಿ" ಎಂದೆ. ಹೊದಿಕೆ ಸರಿಸಿ ಕಿತ್ತಳೆಯ ತೊಳೆ ಅವರ ಕೈಗಿಟ್ಟೆ.

ಊರಿಗೆ ಬಂದ ಮೇಲೆ ಅವರು ಮತ್ತೆ ಗಿರಣಿಯ ಮಣೆಯ ಮೇಲೆ ಕೂತರು. ಉಸಿರು ಹಗುರಾಗಿತ್ತು, ಮುಖಕ್ಕೆ ಬಣ್ಣ ಬಂದಿತ್ತು, ಊಟ ಸೇರುತ್ತಿತ್ತು. ಗಾಯವಾದೀತೆಂದು ಪಟ್ಟಿಯ ಕೆಲಸಕ್ಕೆ ಒಬ್ಬ ಆಳನ್ನು ಇಟ್ಟುಕೊಂಡರು. ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ರಕ್ತ ತೋರಿಸಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಡಾಕ್ಟರು ಹೇಳಿದ್ದನ್ನೆಲ್ಲ, ನಾನು ಎದುರಿಗೇ ಇದ್ದರೂ, ಬಸ್ಸಿನಲ್ಲಿ ಮತ್ತೊಮ್ಮೆ ಹೇಳುತ್ತಿದ್ದರು. "ಇದು ನಿನಗ ಗೊತ್ತಿರಲಿ" ಎನ್ನುತ್ತಿದ್ದರು. ಗುಳಿಗೆಯ ಬಣ್ಣ ಬದಲಾದರೂ ಹೇಳುತ್ತಿದ್ದರು. ಮೊದಲಿನ ಹಾಗೆ ನನ್ನನ್ನು ನೋಡುವುದನ್ನು ಮಾತ್ರ ಬಿಟ್ಟಿದ್ದರು. ಈಗ ಬೇರೆಯವರ ಮನೆಗೆ ಬಂದ ನೆಂಟರ ಹಾಗೆ, ಇನ್ನೊಂದು ರೊಟ್ಟಿ ಬೇಕಾದರೂ ತಡೆದು ಕೇಳುತ್ತಿದ್ದರು. ನಾನೆಷ್ಟು ಮಾಡಿದರೂ ಆ ಸಂಕೋಚ ಹೋಗಲಿಲ್ಲ.

ನಾಗರ ಪಂಚಮಿಗೆ ತವರಿಗೆ ಕರೆಯಲು ಅಣ್ಣ ಬಂದ. ಚಹಾ ಕೊಟ್ಟು ಕಳಿಸಿದೆ. ಮರುವರ್ಷ ಬರಲಿಲ್ಲ. ಅದಾಗಿ ಒಂದು ದಿನ ಅವ್ವನೇ ಬಂದಳು. ಬುಟ್ಟಿಯಲ್ಲಿ ಉಂಡಿ, ಮೊಮ್ಮಗಳಿಗೆ ಲಂಗ. ಅಳಿಯನ ಎದುರು ಕೂತು ಆರೋಗ್ಯ ವಿಚಾರಿಸಿದಳು. ಆ ಸಪ್ಪಳ ಅವಳಿಗೂ ಕೇಳಿಸಿರಬೇಕು. ಮಾತು ನಡುವೆ ಒಮ್ಮೆ ನಿಂತಿತು. ಅವರು ಎದ್ದು ಗಿರಣಿಗೆ ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಎಲ್ಲಾ ಚಲೋನ ಆತಲ್ಲ. ಗಂಡ ಉಳದ, ಮಗಳು ಅದಾಳ, ಅತ್ತಿ ಕೈಯಾಗಿಟ್ಟು ನೋಡ್ತಾಳ. ಇನ್ನೇನು ನಿನ್ನ ಸಿಟ್ಟು?"

"ಚಲೋ ಆತು. ನೀ ಮಾಡಿದ್ದಲ್ಲ ಅದು."

"ಹಂಗಾರ ಯಾರ್ ಮಾಡಿದ್ದು? ನಾ ಕೊಟ್ಟ ಮನೀನ ಅಲ್ಲೇನಿದು?"

ಚೆನ್ನಾಗಿ ಆದದ್ದರಿಂದಲೇ ಅವಳು ಗೆದ್ದಿದ್ದಳು. ಇವರು ಆ ಮುಂಬಯಿಯ ಮೇಜಿನ ಮೇಲೆ ಸತ್ತಿದ್ದರೆ ಅವಳು ತಪ್ಪಿತಸ್ಥಳು. ಬದುಕಿದ್ದರಿಂದ ಅವಳು ದೂರದೃಷ್ಟಿಯ ತಾಯಿ. ನನಗಾದದ್ದು ಎರಡರಲ್ಲೂ ಒಂದೇ ಎಂದು ಅವಳಿಗೆ ತಿಳಿಸುವ ಮಾತು ನನ್ನಲ್ಲಿರಲಿಲ್ಲ. ಊಟಕ್ಕೆ ಹಾಕಿದೆ. ಸಂಜೆಯ ಬಸ್ಸಿಗೆ ಹತ್ತಿಸಿ ಬಂದೆ. ಅವಳು ತೀರಿಕೊಳ್ಳುವವರೆಗೆ ಹೋಗಿ ಬಂದು ಮಾಡಿದೆವು, ಹಬ್ಬ ಹುಣ್ಣಿಮೆಗೆ ಮಾತಾಡಿದೆವು. ತಪ್ಪಾಯಿತು ಎಂದು ಅವಳು ಅನ್ನಲಿಲ್ಲ. ಅವಳು ಹೋದ ದಿನ ನಾನು ಅತ್ತುಬಿಟ್ಟೆ. ಆದರೆ ಅವಳು ಹೇಳಿದ ಯಾವ ಮಾತನ್ನೂ, ಸಣ್ಣಂದಿನದನ್ನು ಕೂಡ, ಮೊದಲಿನ ಹಾಗೆ ನೆನೆಯಲು ನನಗೆ ಆಗಲಿಲ್ಲ.

ಅವ್ವ ಬಂದು ಹೋದ ಆ ಸಂಜೆ ನಾನು ಗಿರಣಿಗೆ ಹೋದೆ. ವಿದ್ಯುತ್ ಹೋಗಿತ್ತು. ಬೀಸಲು ಬಂದವರು ಬುಟ್ಟಿ ಇಟ್ಟು ಮನೆಗೆ ಹೋಗಿದ್ದರು. ನನ್ನ ಗಂಡ ಬಾಗಿಲಲ್ಲಿ ಕೂತಿದ್ದರು, ನಾನು ಚೀಲದ ಮೇಲೆ ಕೂತೆ.

"ನಿಮ್ಮವ್ವಗ ಭಾಳ ಬಿರುಸು ಮಾತಾಡಬ್ಯಾಡ," ಎಂದರು. "ವಯಸ್ಸಾಗೇತಿ."

"ನಿಮಗ ಸಿಟ್ಟಿಲ್ಲೇನ್ರಿ?"

ಅವರು ಅಂಗೈಯ ಹಿಟ್ಟು ತಿಕ್ಕಿಕೊಂಡರು. "ನಾಕ ವರ್ಷ ನಾ ರಾಜಾನಂಗ ಇದ್ದೆ ನೋಡು. ಒಬ್ಬಾಕಿ ಎಲ್ಲಾ ತಿಳದು, ವಿಚಾರ ಮಾಡಿ, ನಾನ ಬೇಕು ಅಂದಾಳ ಅಂತ. ಮುಂಜಾನೆ ಎದ್ದ ಕೂಡ್ಲೆ ಅದ ನೆನಪಾಗ್ತಿತ್ತು. ಅದನ್ನ ಕಸಗೊಂಡ್ರು ಅಂತ ಸಿಟ್ಟು. ಹೊಸಾ ಬಾಗಲಾ ಹಾಕ್ಯಾರ, ಅದೊಂದು ತಿರುಗಿ ಬರಲಿಲ್ಲ."

ಆಮೇಲೆ ಕೇಳಿದರು. "ಹೇಳಿದ್ರ ಒಪ್ಪತಿದ್ದೇನು?"

ಒಪ್ಪುತ್ತಿದ್ದೆ ಎಂದು ಹೇಳಬಹುದಿತ್ತು. ಆಮೇಲೆ ನನ್ನ ಓರಗೆಯ ಹೆಂಗಸರಿಗೆ ಇದನ್ನು ಹೇಳಿದಾಗ, ಹೂಂ ಅನ್ನಬೇಕಿತ್ತು, ಒಂದು ಮಾತಿನಲ್ಲಿ ಏನು ಹೋಗುತ್ತಿತ್ತು ಎಂದವರೇ ಹೆಚ್ಚು. ಅಂದು ಗಂಡನ ಮುಖ ನೋಡಿದಾಗ ನನಗೂ ಹಾಗೇ ಅನ್ನಿಸಿತು. ಆದರೆ ಇಪ್ಪತ್ತು ವರ್ಷಕ್ಕೆ ನಾನಾಗಿದ್ದ ಆ ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡು ಮನಸ್ಸಿನಲ್ಲೇ ಕೇಳಿ ನೋಡಿದೆ. ಆ ಹುಡುಗಿ ಒಮ್ಮೆ ಹೂಂ ಅಂದಳು, ಒಮ್ಮೆ ಒಲ್ಲೆ ಅಂದಳು.

"ಗೊತ್ತಿಲ್ರಿ," ಎಂದೆ. "ಯಾರೂ ಕೇಳಲಿಲ್ಲ ನನ್ನ."

"ಹೌದು," ಎಂದರು. "ಹೆಂಗ ಗೊತ್ತಾಗಬೇಕು."

ಅವರು ಆ ಪ್ರಶ್ನೆಯನ್ನು ಮತ್ತೆಂದೂ ಕೇಳಲಿಲ್ಲ. ವಿದ್ಯುತ್ ಬಂತು, ಓಣಿಯ ತುದಿಯಿಂದ ಹೆಂಗಸರು ತಮ್ಮ ಬುಟ್ಟಿಗಳ ಕಡೆಗೆ ಬರತೊಡಗಿದರು, ನಾನು ಎದ್ದು ಅವರಿಗೆ ದಾರಿ ಬಿಟ್ಟೆ.